ಮಾಸ್ಕ್ ಹಾಕಿದಾಗ ಕನ್ನಡಕ ಮಂಜಾಗದಿರಲು ಏನು ಮಾಡಬೇಕು: ಮೂಗಿನ ಪಟ್ಟಿಯಿಂದ ಗಾಜು ತೊಳೆಯುವವರೆಗೆ

ಮಾಸ್ಕ್ ಹಾಕಿ ಒಂದು ಉಸಿರು ಬಿಟ್ಟರೆ ಸಾಕು, ಕನ್ನಡಕದ ಗಾಜು ಬೆಳ್ಳಗಾಗುತ್ತದೆ. ಉಸಿರು ಎಳೆದುಕೊಂಡಾಗ ಅರ್ಧ ತಿಳಿಯಾಗುತ್ತದೆ. ಮತ್ತೆ ಬಿಟ್ಟರೆ ಮತ್ತೆ ಮಬ್ಬು. ಮೈಸೂರಿನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನನಗೆ ಈ ದೂರು ಚೆನ್ನಾಗಿ ಪರಿಚಯ. ಡಿಸೆಂಬರ್, ಜನವರಿ ಬಂತೆಂದರೆ ಇನ್ನೂ ಜಾಸ್ತಿ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದವರು, ಅಕ್ಕಿ ಗಿರಣಿಯಲ್ಲಿ ತೌಡಿನ ಧೂಳಿನ ನಡುವೆ ದುಡಿಯುವವರು, ಊದುಬತ್ತಿ ಕೆಲಸದವರು, ಧೂಳಿನ ಅಲರ್ಜಿ ಇದ್ದರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕುವುದನ್ನು ಬಿಡದವರು, ಎಲ್ಲರದ್ದೂ ಒಂದೇ ಗೋಳು.

ಇವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಮಾಸ್ಕನ್ನು ಮೂಗಿನಿಂದ ಕೆಳಗೆ ಇಳಿಸುತ್ತಾರೆ. ಇಲ್ಲದಿದ್ದರೆ ಕನ್ನಡಕ ತೆಗೆದು ಜೇಬಿಗೆ ಹಾಕುತ್ತಾರೆ. ಮೂಗು ಹೊರಗಿದ್ದರೆ ಮಾಸ್ಕ್ ಹಾಕಿ ಪ್ರಯೋಜನವಿಲ್ಲ. ಕನ್ನಡಕ ತೆಗೆದರೆ ವಯಸ್ಸಾದವರು ಮೆಟ್ಟಿಲು ಎಡವುತ್ತಾರೆ, ಮಾತ್ರೆಯ ಚೀಟಿ ತಪ್ಪಾಗಿ ಓದುತ್ತಾರೆ. ಎರಡೂ ಬೇಡ. ಎರಡನ್ನೂ ಸರಿಯಾಗಿ ಹಾಕಿಕೊಂಡೇ ಇರಬಹುದು.

ಇಲ್ಲಿ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಇಷ್ಟು. ಗಾಜು ಮಂಜಾಗುತ್ತಿದೆ ಅಂದರೆ ಮಾಸ್ಕಿನ ಮೇಲಂಚಿನಿಂದ ಗಾಳಿ ಸೋರುತ್ತಿದೆ ಎಂದರ್ಥ. ಆದ್ದರಿಂದ ಮೊದಲು ಕೈ ಹೋಗಬೇಕಾದ್ದು ಮಾಸ್ಕಿಗೆ. ಗಾಜಿಗೆ ಹಚ್ಚುವ ದ್ರವ, ಸ್ಪ್ರೇ, ಸೋಪು ಎಲ್ಲವೂ ಆಮೇಲಿನ ಮಾತು. ಬಹಳ ಜನ ಇದನ್ನು ತಿರುಗಾ ಮುರುಗಾ ಮಾಡಿ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ಮಂಜು ಕಟ್ಟುವುದು ಯಾಕೆ

ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ. ಅದರಲ್ಲಿ ನೀರಿನ ಆವಿ ಹೆಚ್ಚುಕಮ್ಮಿ ತುಂಬಿ ತುಳುಕುತ್ತಿರುತ್ತದೆ. ಜನವರಿಯ ಬೆಳಿಗ್ಗೆ ಮೈಸೂರಿನಲ್ಲಿ ಹೊರಗಿನ ಗಾಳಿ 20 ಡಿಗ್ರಿಗಿಂತ ಕೆಳಗಿರುತ್ತದೆ, ಕನ್ನಡಕದ ಗಾಜೂ ಅಷ್ಟೇ ತಣ್ಣಗಿರುತ್ತದೆ. ಬೆಚ್ಚಗಿನ ತೇವದ ಗಾಳಿ ಈ ಗಾಜಿಗೆ ತಾಗಿದರೆ, ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವ ಹಾಗೆ, ಗಾಜಿನ ಮೇಲೆ ನೀರು ಕೂರುತ್ತದೆ.

ಆದರೆ ನೀರು ಕೂತಿದ್ದಕ್ಕೇ ಮಬ್ಬಾಗುವುದಿಲ್ಲ. ಆ ನೀರು ಸಾವಿರಾರು ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಪ್ರತಿ ಹನಿಯೂ ಬೆಳಕನ್ನು ಒಂದೊಂದು ಕಡೆಗೆ ಚದುರಿಸುತ್ತದೆ. ಅದಕ್ಕೇ ಬೆಳ್ಳಗೆ ಕಾಣುವುದು. ಬೇಕಿದ್ದರೆ ಮಂಜಾದ ಗಾಜನ್ನು ಟ್ಯೂಬ್‌ಲೈಟ್ ಕಡೆ ಓರೆಯಾಗಿ ಹಿಡಿದು, ಹತ್ತಿರದಿಂದ ನೋಡಿ. ನುಣ್ಣನೆಯ ಹಿಟ್ಟು ಉದುರಿಸಿದಂತೆ ಕಾಣುವ ಹನಿಗಳು, ಎಣ್ಣೆ ಜಿಡ್ಡು ಮೆತ್ತಿದ ಬೆರಳಚ್ಚಿನ ಗೆರೆಗಳ ಮೇಲೆ ಇನ್ನಷ್ಟು ದಟ್ಟವಾಗಿ ಕೂತಿರುವುದು ಗೊತ್ತಾಗುತ್ತದೆ. ಜಿಡ್ಡಿನ ಗಾಜು ಬೇಗ ಮಬ್ಬಾಗುವುದು ಇದೇ ಕಾರಣಕ್ಕೆ.

ಹಾಗಾಗಿ ನಮಗಿರುವ ದಾರಿ ಎರಡು. ಉಸಿರು ಗಾಜಿಗೆ ತಾಗದಂತೆ ಮಾಡುವುದು ಒಂದು. ತಾಗಿದರೂ ನೀರು ಹನಿಯಾಗದೆ ತೆಳು ಪೊರೆಯಾಗಿ ಹರಡುವಂತೆ ಮಾಡುವುದು ಇನ್ನೊಂದು.

ಏಪ್ರಿಲ್ ಮಧ್ಯಾಹ್ನ ಮಂಡ್ಯದ ಬಿಸಿಲಲ್ಲಿ ನಿಂತರೆ ಇದೇ ಮಾಸ್ಕು, ಇದೇ ಕನ್ನಡಕ ತೊಂದರೆ ಕೊಡುವುದಿಲ್ಲ. ಆಗ ಗಾಜೇ ಉಸಿರಿನಷ್ಟು ಬಿಸಿಯಾಗಿರುತ್ತದೆ. ಎಸಿ ಬಸ್ಸಿನಲ್ಲಿ ಕೂತರೆ ಅದೇ ಬೇಸಿಗೆಯಲ್ಲೂ ಮಬ್ಬು ಶುರುವಾಗುತ್ತದೆ.

ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಮೊದಲು ಪತ್ತೆ ಹಚ್ಚಿ

ಕನ್ನಡಿ ಮುಂದೆ ನಿಂತು ಮಾಸ್ಕ್ ಮತ್ತು ಕನ್ನಡಕ ಎರಡನ್ನೂ ಹಾಕಿಕೊಳ್ಳಿ. ಜೋರಾಗಿ ಒಂದು ಉಸಿರು ಬಿಡಿ. ಗಾಜಿನ ಯಾವ ಭಾಗ ಮೊದಲು ಮಬ್ಬಾಯಿತು ಎಂದು ನೋಡಿ.

ಮೂಗಿನ ಪಕ್ಕದ ಕೆಳ ಮೂಲೆ ಮೊದಲು ಬೆಳ್ಳಗಾದರೆ ಮೂಗಿನ ಬದಿಯಲ್ಲಿ ಸಂದು ಇದೆ. ಹತ್ತರಲ್ಲಿ ಎಂಟು ಜನರದ್ದು ಇದೇ ಅನ್ನಬಹುದು. ಗಾಜಿನ ಹೊರ ಅಂಚು, ಅಂದರೆ ಕಿವಿಯ ಕಡೆ ಮಬ್ಬಾದರೆ ಕೆನ್ನೆಯ ಹತ್ತಿರ ಮಾಸ್ಕ್ ಬಾಯಿ ಬಿಟ್ಟಿದೆ. ಒಂದೇ ಕಣ್ಣಿನ ಗಾಜು ಮಬ್ಬಾದರೆ ಮೂಗಿನ ಪಟ್ಟಿ ವಾಲಿದೆ.

ಈಗ ಕನ್ನಡಕ ತೆಗೆದು ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರು ಬಿಡಿ. ರೆಪ್ಪೆಗೆ ಬೆಚ್ಚಗೆ ಗಾಳಿ ತಾಗಿದರೆ ಸೋರಿಕೆ ಖಚಿತ. ಕಣ್ಣಿನ ಚರ್ಮ ತುಂಬಾ ಸೂಕ್ಷ್ಮ, ಕೈಗೆ ಗೊತ್ತಾಗದ ಗಾಳಿಯೂ ಅದಕ್ಕೆ ಗೊತ್ತಾಗುತ್ತದೆ. ಮಾಸ್ಕ್ ಸರಿ ಮಾಡಿದ ಮೇಲೆ ಪ್ರತಿ ಸಲ ಇದೇ ಪರೀಕ್ಷೆ ಮಾಡಿ. ಗಾಜು ಮಂಜಾಗಿಲ್ಲ ಅನ್ನುವುದಕ್ಕಿಂತ ರೆಪ್ಪೆಗೆ ಗಾಳಿ ತಾಗುತ್ತಿಲ್ಲ ಅನ್ನುವುದು ಗಟ್ಟಿ ಪುರಾವೆ.

ಮಂಡ್ಯ ಕಡೆಯ ಅಕ್ಕಿ ಗಿರಣಿಯ ಯಜಮಾನರೊಬ್ಬರು ಒಮ್ಮೆ ಅಂಗಡಿಗೆ ಬಂದು, "ಸಾರ್, ಈ ಗ್ಲಾಸ್ ಸರ್ಯಾಗಿಲ್ಲ, ಬೇರೆ ಹಾಕ್ಕೊಡಿ. ಮಿಲ್ಲಲ್ಲಿ ನಿಂತ್ರೆ ಏನೂ ಕಾಣಕಿಲ್ಲ" ಅಂದರು. ಗಾಜಿನಲ್ಲಿ ಗೀರು ಇರಲಿಲ್ಲ, ನಂಬರೂ ಸರಿಯಾಗಿತ್ತು. "ಯಜಮಾನ್ರೇ, ಮಿಲ್ಲಲ್ಲಿ ಹೆಂಗೆ ಹಾಕ್ಕೋತೀರೋ ಹಂಗೇ ಮಾಸ್ಕ್ ಹಾಕ್ಕೊಂಡು ತೋರ್ಸಿ" ಅಂದೆ. ಹಾಕಿಕೊಂಡರು. ತಂತಿ ಇರುವ ಅಂಚು ಗಲ್ಲದ ಕೆಳಗಿತ್ತು! ತಿರುಗಿಸಿ ಹಾಕಿ, ಪಟ್ಟಿಯನ್ನು ಮೂಗಿಗೆ ಒತ್ತಿದ ಮೇಲೆ ಹಳೇ ಗಾಜಿನಲ್ಲೇ ಎಲ್ಲ ತಿಳಿಯಾಗಿ ಕಂಡಿತು. ಇದು ಅವರೊಬ್ಬರ ಕಥೆ ಅಲ್ಲ. ಮೂರು ಪದರದ ಸರ್ಜಿಕಲ್ ಮಾಸ್ಕನ್ನು ತಲೆಕೆಳಗಾಗಿ ಹಾಕುವವರು ಬಹಳ ಜನ ಇದ್ದಾರೆ, ಯಾಕೆಂದರೆ ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ. ತಂತಿ ಮೇಲಕ್ಕೆ, ಬಣ್ಣದ ಬದಿ ಹೊರಕ್ಕೆ, ಹೊರಗಿನ ಮಡಿಕೆಗಳು ಕೆಳಮುಖವಾಗಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಮೂಗಿನ ಪಟ್ಟಿ ಕೂರಿಸುವ ಬಗೆ

ಅರ್ಧಕ್ಕರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ನಿಧಾನವಾಗಿ ಮಾಡಿ.

ಕನ್ನಡಕ ತೆಗೆದಿಟ್ಟು ಶುರು ಮಾಡಿ. ಮಾಸ್ಕ್ ಹಾಕುವ ಮೊದಲೇ ತಂತಿಯ ನಡು ಭಾಗವನ್ನು ತೋರುಬೆರಳ ಮೇಲಿಟ್ಟು ಸ್ವಲ್ಪ ಬಗ್ಗಿಸಿಕೊಳ್ಳಿ. ಆಮೇಲೆ ಮಾಸ್ಕ್ ಹಾಕಿ ಮೇಲಕ್ಕೆಳೆಯಿರಿ. ತಂತಿ ಮೂಗಿನ ತುದಿಯ ಮೆತ್ತನೆಯ ಭಾಗದ ಮೇಲಲ್ಲ, ಅದಕ್ಕೂ ಮೇಲೆ, ಕೈಗೆ ಗಟ್ಟಿ ಮೂಳೆ ಸಿಗುವ ಕಡೆ ಕೂರಬೇಕು.

ಈಗ ಎರಡೂ ಕೈಯ ತೋರುಬೆರಳುಗಳನ್ನು ಮೂಗಿನ ನಡುವೆ ಇಡಿ. ಅಲ್ಲಿಂದ ಒತ್ತುತ್ತಾ, ಮೂಗಿನ ಇಳಿಜಾರಿನಲ್ಲಿ ಜಾರಿಸುತ್ತಾ, ಕೆನ್ನೆಯವರೆಗೆ ತನ್ನಿ. ಎಡಗೈ ಎಡಕ್ಕೆ, ಬಲಗೈ ಬಲಕ್ಕೆ. ಮೂಗು ಮುಗಿದು ಕೆನ್ನೆ ಶುರುವಾಗುವ ಆ ಗುಳಿ ಇದೆಯಲ್ಲ, ಅಲ್ಲಿ ಒಂದು ಕ್ಷಣ ನಿಂತು ಗಟ್ಟಿಯಾಗಿ ಒತ್ತಿ. ಹೆಚ್ಚಿನ ಗಾಳಿ ಸೋರುವುದು ಅಲ್ಲಿಂದಲೇ.

ಎಲ್ಲರೂ ಮಾಡುವ ಹಾಗೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದೇ ಸಲ ಚಿವುಟಿ ಬಿಡಬೇಡಿ. ಹಾಗೆ ಚಿವುಟಿದರೆ ತಂತಿ ಮೂಗಿನ ಮೇಲೆ ಚೂಪಾದ ಗೋಪುರದಂತೆ ನಿಲ್ಲುತ್ತದೆ, ಎರಡೂ ಪಕ್ಕದಲ್ಲಿ ಒಂದೊಂದು ಸುರಂಗ ಉಳಿಯುತ್ತದೆ. ಉಸಿರು ಆ ಸುರಂಗದ ಮೂಲಕ ನೇರ ಗಾಜಿಗೆ ಹೋಗುತ್ತದೆ. ಎನ್95 ಮಾಸ್ಕ್ ಹಾಕುವುದನ್ನು ಕಲಿಸುವವರು ಎರಡು ಕೈ ಬಳಸಿ ಎಂದು ಒತ್ತಿ ಹೇಳುವುದು ಇದಕ್ಕೇ.

ಗಲ್ಲದ ಕಡೆ ಮಾಸ್ಕನ್ನು ಪೂರ್ತಿ ಕೆಳಗೆ ಎಳೆಯಿರಿ. ಕಡೆಯಲ್ಲಿ ಕನ್ನಡಕ ಹಾಕಿ. ಮಾಸ್ಕಿನ ಮೇಲಂಚು ಕನ್ನಡಕದ ಕೆಳಗೆ ಹೋಗಬೇಕು, ಕನ್ನಡಕ ಅದರ ಮೇಲೆ ಕೂತು ಸ್ವಲ್ಪ ಒತ್ತಬೇಕು. ಕನ್ನಡಕದ ಭಾರವೇ ಆ ಸಂದನ್ನು ಇನ್ನಷ್ಟು ಮುಚ್ಚುತ್ತದೆ.

ಒಂದು ಎಚ್ಚರಿಕೆ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು, ಅಂದರೆ ಪ್ರೋಗ್ರೆಸಿವ್ ಹಾಕುವವರಿಗೆ ಬಟ್ಟೆಯ ದಪ್ಪದಿಂದ ಕನ್ನಡಕ ಒಂದೆರಡು ಮಿಲಿಮೀಟರ್ ಮೇಲಕ್ಕೆ ಕೂತರೂ ನೋಟದಲ್ಲಿ ವ್ಯತ್ಯಾಸ ಆಗಬಹುದು. ಮೆಟ್ಟಿಲು ಇಳಿಯುವಾಗ ನೆಲ ತೇಲಿದಂತೆ ಕಂಡರೆ ತೆಳು ಅಂಚಿನ ಮಾಸ್ಕ್ ಆರಿಸಿಕೊಳ್ಳಿ.

ಒಂದೇ ಪಟ್ಟಿಯನ್ನು ಹತ್ತಾರು ಸಲ ಬಗ್ಗಿಸಿ ನೇರ ಮಾಡಿದರೆ ಅದು ಸೋಲುತ್ತದೆ, ಹೇಳಿದ ಕಡೆ ನಿಲ್ಲುವುದಿಲ್ಲ. ಬಳಸಿ ಎಸೆಯುವ ಮಾಸ್ಕನ್ನು ವಾರಗಟ್ಟಲೆ ಹಾಕುವವರ ಗಾಜು ಮಬ್ಬಾಗುವುದು ಸಹಜ. ಮಾಸ್ಕ್ ಬದಲಿಸುವುದೇ ಅದಕ್ಕೆ ಮದ್ದು.

ಬಟ್ಟೆ ಮಾಸ್ಕಿಗೆ ತಂತಿ ಹಾಕಿಸುವುದು

ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕಿಗೆ ಸಾಮಾನ್ಯವಾಗಿ ತಂತಿ ಇರುವುದಿಲ್ಲ. ಅದಿಲ್ಲದೆ ಮೂಗಿನ ಬದಿ ಮುಚ್ಚುವುದು ಆಗದ ಮಾತು. ಟೈಲರ್ ಹತ್ತಿರ ಕೊಟ್ಟರೆ ಐದು ನಿಮಿಷದ ಕೆಲಸ. ಮೇಲಂಚನ್ನು ಒಂದು ಮಡಿಕೆ ಮಡಿಸಿ ಹೊಲಿದು ತಂತಿ ತೂರುವಷ್ಟು ಸಣ್ಣ ಓಣಿ ಬಿಡಲು ಹೇಳಿ. ಒಂದು ಪಕ್ಕ ತೆರೆದೇ ಇರಲಿ, ತೊಳೆಯುವಾಗ ತಂತಿ ತೆಗೆಯಬಹುದು.

ಎಲೆಕ್ಟ್ರಿಷಿಯನ್‌ಗಳ ಬಳಿ ಸಿಗುವ ತೆಳು ತಾಮ್ರದ ತಂತಿ ಚೆನ್ನಾಗಿ ಬಗ್ಗುತ್ತದೆ, ಬಗ್ಗಿಸಿದ ಕಡೆ ನಿಲ್ಲುತ್ತದೆ. ಸುಮಾರು 10 ಸೆಂಟಿಮೀಟರ್ ಉದ್ದ ಸಾಕು. ಎರಡೂ ತುದಿಯನ್ನು ಇಕ್ಕಳದಿಂದ ಸುತ್ತಿ ಮೊಂಡು ಮಾಡಿ, ಕಣ್ಣಿನ ಹತ್ತಿರ ಇರುವ ವಸ್ತು ಅದು. ಕಬ್ಬಿಣದ ತಂತಿ ಬೇಡ. ಉಸಿರಿನ ತೇವಕ್ಕೆ ತುಕ್ಕು ಹಿಡಿದು ಬಟ್ಟೆ ಕಲೆಯಾಗುತ್ತದೆ.

ಟವೆಲ್ ಸುತ್ತಿಕೊಳ್ಳುವವರು, ದುಪಟ್ಟಾ ಕಟ್ಟಿಕೊಳ್ಳುವವರು ನನ್ನನ್ನು ಕ್ಷಮಿಸಬೇಕು. ಅದರಲ್ಲಿ ಸಂದು ಮುಚ್ಚುವ ಉಪಾಯ ಯಾವುದೂ ಇಲ್ಲ. ಧೂಳಿಗೆ ಅಷ್ಟಿಷ್ಟು ತಡೆಯಾಗಬಹುದು, ಕನ್ನಡಕವಂತೂ ಮಬ್ಬಾಗುತ್ತದೆ.

ಕೆನ್ನೆಯ ಪಕ್ಕದ ಸಂದು

ಸರ್ಜಿಕಲ್ ಮಾಸ್ಕ್ ಸಣ್ಣ ಮುಖದವರಿಗೆ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಇದಕ್ಕೊಂದು ಸುಲಭದ ಉಪಾಯ ಇದೆ. ಮಾಸ್ಕನ್ನು ಉದ್ದಕ್ಕೆ ಅರ್ಧ ಮಡಿಸಿ. ಕಿವಿಗೆ ಹಾಕುವ ದಾರವನ್ನು ಮಾಸ್ಕಿನ ಅಂಚಿಗೆ ಅಂಟಿಕೊಂಡಂತೆ ಒಂದು ಗಂಟು ಹಾಕಿ. ಎರಡೂ ಕಡೆ ಹಾಗೇ ಮಾಡಿ. ಈಗ ಮಡಿಕೆ ಬಿಚ್ಚಿದರೆ ಗಂಟಿನ ಪಕ್ಕ ಬಟ್ಟೆ ಉಬ್ಬಿ ಸಣ್ಣ ಬಾಯಿ ಬಿಟ್ಟಿರುತ್ತದೆ, ಅದನ್ನು ಒಳಕ್ಕೆ ಮಡಚಿ ಸೇರಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಲ್ಲಿ ಪರೀಕ್ಷೆ ಮಾಡಿ ತೋರಿಸಿದ ವಿಧಾನ ಇದು. ಇದರಿಂದ ಪಕ್ಕದ ಸೋರಿಕೆ ಬಹಳ ಕಮ್ಮಿಯಾಗುತ್ತದೆ.

ಒಂದು ಮಾತು ಗಮನಿಸಿ. ಪಕ್ಕ ಬಿಗಿಯಾದಾಗ ಉಸಿರು ಬೇರೆ ದಾರಿ ಹುಡುಕುತ್ತದೆ. ಮೂಗಿನ ಕಡೆ ಸಡಿಲ ಇದ್ದರೆ ಮಬ್ಬು ಇನ್ನೂ ಜಾಸ್ತಿ ಆಗಬಹುದು. ಗಂಟು ಹಾಕಿದ ಮೇಲೆ ಮೂಗಿನ ಪಟ್ಟಿಯನ್ನು ಮತ್ತೆ ಒತ್ತಿ ನೋಡಿ. ದೊಡ್ಡ ಮುಖದವರಿಗೆ ಈ ಉಪಾಯ ಹೊಂದುವುದಿಲ್ಲ, ಮೂಗೋ ಗಲ್ಲವೋ ಹೊರಗೆ ಉಳಿದುಬಿಡುತ್ತದೆ.

ಟಿಶ್ಯೂ ಮತ್ತು ಪೇಪರ್ ಟೇಪ್

ಪಟ್ಟಿ ಸರಿಯಾಗಿ ಕೂರಿಸಿಯೂ ಸ್ವಲ್ಪ ಸೋರುತ್ತಿದ್ದರೆ ಒಂದು ಟಿಶ್ಯೂ ಕಾಗದವನ್ನು ಬೆರಳಗಲದ ಪಟ್ಟಿಯಾಗಿ ಮಡಿಸಿ, ಮಾಸ್ಕಿನ ಒಳಗೆ ಮೇಲಂಚಿಗೆ ಇಡಿ. ಅದು ಸಂದನ್ನೂ ತುಂಬುತ್ತದೆ, ತೇವವನ್ನೂ ಹೀರುತ್ತದೆ. ಒದ್ದೆಯಾದರೆ ಬದಲಿಸಿ.

ಇದಕ್ಕಿಂತ ಗಟ್ಟಿಯಾದದ್ದು ಟೇಪ್. ಆಪರೇಷನ್ ಥಿಯೇಟರಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕನ್ನಡಕದ ಡಾಕ್ಟರು, ನರ್ಸುಗಳು ಬಳಸುವುದು ಇದನ್ನೇ. ಮೆಡಿಕಲ್ ಸ್ಟೋರಿನಲ್ಲಿ ಪೇಪರ್ ಟೇಪ್ ಅಥವಾ ಮೈಕ್ರೋಪೋರ್ ಎಂದು ಕೇಳಿದರೆ ಕೊಡುತ್ತಾರೆ. ಸುಮಾರು 10 ಸೆಂಟಿಮೀಟರ್ ಹರಿದು, ಅರ್ಧ ಅಗಲ ಮಾಸ್ಕಿನ ಮೇಲೆ, ಅರ್ಧ ಅಗಲ ಚರ್ಮದ ಮೇಲೆ ಬರುವಂತೆ ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಅಂಟಿಸಿ. ಮುಖದ ಮೇಲೆ ಎಣ್ಣೆ, ಕ್ರೀಮು, ಪೌಡರ್ ಇದ್ದರೆ ಅಂಟುವುದಿಲ್ಲ. ಆ ಜಾಗವನ್ನಾದರೂ ಮೊದಲು ತೊಳೆದು ಒರೆಸಿಕೊಳ್ಳಿ. ತೆಗೆಯುವಾಗ ರಪ್ಪನೆ ಎಳೆಯಬೇಡಿ. ಚರ್ಮ ಕೆಂಪಾದರೆ, ತುರಿಸಿದರೆ ಟೇಪ್ ನಿಮಗಲ್ಲ. ಸೆಲ್ಲೋ ಟೇಪ್, ಪ್ಯಾಕಿಂಗ್ ಟೇಪ್ ಯಾವ ಕಾರಣಕ್ಕೂ ಮುಖಕ್ಕೆ ಬೇಡ.

ಎನ್95 ಹಾಕುವವರಿಗೆ

ಎನ್95 ಮಾಸ್ಕಿನೊಳಗೆ ಟಿಶ್ಯೂ ಇಡಬೇಡಿ. ಅದರ ಅಂಚು ಚರ್ಮಕ್ಕೆ ನೇರ ಅಂಟಿಕೊಂಡಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಡುವೆ ಏನೇ ಇಟ್ಟರೂ ಆ ಬಿಗಿ ಹೋಗುತ್ತದೆ. ಗಡ್ಡಕ್ಕೂ ಇದೇ ಮಾತು. ಎನ್95 ಹಾಕಿಯೂ ಗಾಜು ಮಂಜಾಗುತ್ತಿದ್ದರೆ ಅದು ನಿಮ್ಮ ಮುಖಕ್ಕೆ ಕೂತಿಲ್ಲ ಎಂದೇ ತಿಳಿಯಿರಿ. ಬೇರೆ ಆಕಾರದ್ದು ಹಾಕಿ ನೋಡಿ. ಬಟ್ಟಲಿನಂಥದ್ದು ಹೊಂದದವರಿಗೆ ಮಡಚುವ ಬಗೆಯದ್ದು ಹೊಂದಬಹುದು. ಕಿವಿಗೆ ಹಾಕುವ ದಾರಕ್ಕಿಂತ ತಲೆಯ ಹಿಂದೆ ಹೋಗುವ ಎರಡು ಪಟ್ಟಿಯದ್ದು ಹೆಚ್ಚು ಬಿಗಿ. ಧೂಳಿನ ಕೆಲಸಕ್ಕೆ ಕೊಳ್ಳುವಾಗ ಅದರ ಮೇಲೆ ಐಎಸ್ 9473 ಎಂದು ಬರೆದಿದೆಯೇ ನೋಡಿ. ನಮ್ಮ ದೇಶದಲ್ಲಿ ಧೂಳು, ಕಣ ತಡೆಯುವ ಮಾಸ್ಕುಗಳಿಗೆ ಇರುವ ಮಾನದಂಡ ಅದು.

ವಾಲ್ವ್ ಇರುವ ಮಾಸ್ಕಿನಲ್ಲಿ ಮಬ್ಬು ಕಮ್ಮಿ, ಉಸಿರು ಮುಂದಿನ ವಾಲ್ವಿನಿಂದ ಹೊರಗೆ ಹೋಗುತ್ತದೆ. ಗಿರಣಿಯಲ್ಲಿ, ಮರಗೆಲಸದಲ್ಲಿ ನಿಮ್ಮನ್ನು ಧೂಳಿನಿಂದ ಕಾಪಾಡಿಕೊಳ್ಳಲು ಅದು ಒಳ್ಳೆಯದೇ. ಆದರೆ ನಿಮ್ಮ ಉಸಿರು ಸೋಸದೆ ಹೊರಗೆ ಬರುತ್ತದೆ. ಕೆಮ್ಮು, ಶೀತ ಇದ್ದಾಗ ಅಥವಾ ರೋಗಿಯ ಪಕ್ಕ ಕೂರುವಾಗ ವಾಲ್ವಿನದ್ದು ಹಾಕಬೇಡಿ. ಆ ರೋಗಿಯ ಬಗ್ಗೆಯೂ ಯೋಚಿಸಬೇಕಲ್ವಾ?

ಗಾಜು ತೊಳೆಯುವ ಸರಿಯಾದ ಕ್ರಮ

ಮಾಸ್ಕ್ ಸರಿ ಮಾಡಿದ ಮೇಲೂ ಚಳಿಯಲ್ಲಿ ಅಷ್ಟಿಷ್ಟು ಮಬ್ಬು ಉಳಿಯಬಹುದು. ಆಗ ಎರಡನೇ ದಾರಿ. 2011ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬಂತು. ಮಾಸ್ಕ್ ಹಾಕುವ ಮೊದಲು ಕನ್ನಡಕವನ್ನು ಸೋಪು ನೀರಿನಲ್ಲಿ ತೊಳೆದು, ಹೆಚ್ಚಿನ ನೀರು ಕೊಡವಿ, ಗಾಳಿಗೆ ಒಣಗಲು ಬಿಡಿ ಅಥವಾ ಮೆತ್ತಗೆ ಒತ್ತಿ ಒಣಗಿಸಿ ಎಂದು ಅದರಲ್ಲಿ ಹೇಳಿದ್ದರು. ಗಾಜಿನ ಮೇಲೆ ಉಳಿಯುವ ಸೋಪಿನ ತೆಳು ಪೊರೆ ನೀರಿನ ಬಿಗಿತ ಕಡಿಮೆ ಮಾಡುತ್ತದೆ, ನೀರು ಹನಿ ಕಟ್ಟದೆ ಹರಡುತ್ತದೆ.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. 1966ರ ಜೂನ್‌ನಲ್ಲಿ ಜೆಮಿನಿ 9ಎ ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ನಡೆದ ಯೂಜೀನ್ ಸರ್ನನ್ ಅವರ ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಗಿ ಎದುರಿನದ್ದು ಕಾಣದೆ ಹೋಯಿತು. ಮುಂದಿನ ನಡಿಗೆಗಳಲ್ಲಿ ನಾಸಾ ಹೆಲ್ಮೆಟ್ಟಿನ ಗಾಜಿಗೆ ಮಂಜು ತಡೆಯುವ ದ್ರವ ಒರೆಸುವ ಪದ್ಧತಿ ತಂದಿತು. ನಾವು ಮನೆಯಲ್ಲಿ ಮಾಡುವುದರ ಹಿಂದೆ ಇರುವುದೂ ಅದೇ ತತ್ವ.

ಹೀಗೆ ಮಾಡಿ. ಮೊದಲು ಕೈ ತೊಳೆಯಿರಿ, ಕೈಯ ಎಣ್ಣೆ ಗಾಜಿಗೆ ಹತ್ತಬಾರದು. ನಲ್ಲಿಯ ತಣ್ಣೀರಿನ ಕೆಳಗೆ ಕನ್ನಡಕ ಹಿಡಿದು ಧೂಳು ಹೋಗಿಸಿ. ಈ ಹೆಜ್ಜೆ ಬಿಟ್ಟರೆ ಧೂಳಿನ ಕಣಗಳೇ ಗೀರು ಹಾಕುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳಿಗೆ ಹಾಕಿಕೊಂಡು ಗಾಜಿನ ಎರಡೂ ಕಡೆ, ಮೂಗಿನ ಪ್ಯಾಡುಗಳ ಸಂದಿನಲ್ಲೂ ಉಜ್ಜಿ. ಆ ಪ್ಯಾಡುಗಳ ಹಿಂದೆ ಹಸಿರುಗಟ್ಟಿದ ಜಿಡ್ಡು ಕೂತಿರುತ್ತದೆ. ಪೂರ್ತಿ ತೊಳೆದುಬಿಡಿ. ಇದು ಶುಚಿ ಮಾಡುವ ಹಂತ.

ಈಗ ಪೊರೆ ಕೂರಿಸುವ ಹಂತ. ಒಂದು ಲೋಟ ನೀರಿಗೆ ಅದೇ ಲಿಕ್ವಿಡ್ ಒಂದೆರಡು ಹನಿ ಹಾಕಿ ಕಲಕಿ. ಕನ್ನಡಕ ಅದ್ದಿ ತೆಗೆದು ಕೊಡವಿ. ಈ ಸಲ ತೊಳೆಯಬೇಡಿ. ಬಟ್ಟೆಯ ಮೇಲೆ ಕಾಲು ಮಡಚದೆ ಇಟ್ಟು ಒಣಗಲು ಬಿಡಿ. ಕಲೆ ಉಳಿದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಹಗುರಾಗಿ ಒಂದು ಸಲ ಸವರಿ, ಉಜ್ಜಬೇಡಿ. ಬೆಳಿಗ್ಗೆ ಮಾಡಿದ್ದು ಸಂಜೆಯ ಹೊತ್ತಿಗೆ ಕಮ್ಮಿಯಾಗಿರುತ್ತದೆ, ಮರುದಿನ ಮತ್ತೆ ಮಾಡಬೇಕು. ಕಣ್ಣು ಉರಿಯುವವರು ಗಾಜಿನ ಮೇಲೆ ಸೋಪಿನ ಪೊರೆ ಉಳಿಸದೆ ಪೂರ್ತಿ ತೊಳೆದುಕೊಳ್ಳಿ. ಮಳೆಯಲ್ಲಿ ನೆನೆದಾಗ ಸೋಪಿನ ನೀರು ಕಣ್ಣಿಗೆ ಇಳಿಯದಂತೆ ನೋಡಿಕೊಳ್ಳಿ.

ನೀರಿನ ವಿಷಯ ನಮ್ಮ ಕಡೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮೈಸೂರಿನಲ್ಲಿ ಕಾವೇರಿ, ಕಬಿನಿ ನೀರು ಬರುವ ಮನೆಗಳಲ್ಲಿ ತೊಂದರೆ ಕಮ್ಮಿ. ಬೋರ್‌ವೆಲ್ ನೀರು ಬಳಸುವ ಬಡಾವಣೆಗಳಲ್ಲಿ, ಮಂಡ್ಯದ ಹಳ್ಳಿಗಳಲ್ಲಿ ನೀರು ಗಡಸು. ಗಡಸು ನೀರಿನಲ್ಲಿ ಮೈಸೋಪು ನೊರೆ ಕೊಡದೆ, ಅದರ ಸುಣ್ಣದಂಶದ ಜೊತೆ ಸೇರಿ ಬಿಳಿ ಜಿಗುಟು ಕಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಪೊರೆ ನೋಡಿರುತ್ತೀರಲ್ಲ, ಅದೇ. ಅದು ಗಾಜಿಗೆ ಹತ್ತಿದರೆ ಮಂಜು ಹೋಗಿ ಕಲೆ ಬಂದಂತಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಗೆ ಜಿಗುಟು ಕಟ್ಟುವುದಿಲ್ಲ. ಆದರೂ ಆ ಲೋಟಕ್ಕೆ ಕುಡಿಯುವ ಫಿಲ್ಟರ್ ನೀರನ್ನೇ ತೆಗೆದುಕೊಳ್ಳಿ, ಗಡಸು ನೀರು ಒಣಗಿದಾಗ ಬೀಳುವ ಚುಕ್ಕೆಗಳೂ ತಪ್ಪುತ್ತವೆ. ಗಂಧದ ಪರಿಮಳದ ಮೈಸೋಪು ಮೈಗೆ ಚೆಂದ, ಗಾಜಿಗೆ ಬೇಡ. ಅದರ ಎಣ್ಣೆಯಂಶ ಗಾಜಿನ ಮೇಲೆ ಪಟ್ಟೆ ಪಟ್ಟೆಯಾಗಿ ಉಳಿಯುತ್ತದೆ.

ಪಾತ್ರೆ ತೊಳೆಯುವ ಗಟ್ಟಿ ಬಿಲ್ಲೆ ಬೇಡವೇ ಬೇಡ. ಅದರಲ್ಲಿ ಪಾತ್ರೆ ತಿಕ್ಕಲೆಂದೇ ಹಾಕಿದ ಪುಡಿ ಇರುತ್ತದೆ, ಗಾಜು ಗೀರಾಗುತ್ತದೆ. ಸೀಗೆಪುಡಿಯೂ ಅಷ್ಟೇ. ಅಂಟುವಾಳದ ನೊರೆಗೆ ನೀರನ್ನು ಹರಡುವ ಗುಣ ಇದೆ, ನಿಜ. ಆದರೆ ಸೋಸದೆ ಉಳಿದ ಒಂದು ಚೂರು ಸಾಕು ಗೀರು ಬೀಳಲು.

ಒರೆಸಲು ಸೆರಗು, ಪಂಚೆಯ ಅಂಚು, ಶರ್ಟಿನ ತುದಿ ಬಳಸುವುದು ಎಲ್ಲರ ರೂಢಿ. ದಯವಿಟ್ಟು ಬಿಡಿ. ಒಣ ಗಾಜಿನ ಮೇಲೆ ಧೂಳಿನ ಬಟ್ಟೆ ಎಳೆದರೆ ಗೀರು ಖಂಡಿತ, ಜರಿಯ ಸೆರಗಾದರೆ ಕೇಳುವುದೇ ಬೇಡ. ಕನ್ನಡಕದ ಜೊತೆ ಕೊಡುವ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಿರಿ. ಬಟ್ಟೆ ಮೃದು ಮಾಡುವ ಕಂಡಿಷನರ್‌ನಲ್ಲಿ ಅದನ್ನು ಅದ್ದಬೇಡಿ, ಅದರ ಅಂಟು ಗಾಜಿಗೆ ಬರುತ್ತದೆ.

ಕೋಟಿಂಗ್ ಇರುವ ಗಾಜು

"ದುಬಾರಿ ಗಾಜೇ ಜಾಸ್ತಿ ಮಂಜಾಗುತ್ತದೆ" ಎಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯ ಇದೆ. ಬೆಳಕು ಪ್ರತಿಫಲಿಸದಂತೆ ಕೋಟಿಂಗ್ ಮಾಡಿದ ಗಾಜಿನ ಮೇಲೆ ಸಾಮಾನ್ಯವಾಗಿ ನೀರು, ಎಣ್ಣೆ ಹತ್ತದ ಇನ್ನೊಂದು ಪದರ ಇರುತ್ತದೆ. ಅದು ನೀರನ್ನು ಹರಡಲು ಬಿಡುವುದಿಲ್ಲ, ಹನಿ ಮಾಡಿ ಉರುಳಿಸುತ್ತದೆ. ಮಳೆಹನಿ ಉರುಳಿ ಹೋಗುತ್ತದೆ, ಆದರೆ ಉಸಿರಿನ ಸೂಕ್ಷ್ಮ ಹನಿ ಉರುಳುವಷ್ಟು ದೊಡ್ಡದಲ್ಲ, ಅಲ್ಲೇ ಉಳಿಯುತ್ತದೆ. ಇಂಥ ಗಾಜಿನ ಮೇಲೆ ಸೋಪಿನ ಪೊರೆಯೂ ಬೇಗ ಹೋಗುತ್ತದೆ. ಹಾಗಾಗಿ ಇವರಿಗೆ ಮಾಸ್ಕಿನ ಬಿಗಿಯೇ ಮುಖ್ಯ.

ಟೂತ್‌ಪೇಸ್ಟ್, ಶೇವಿಂಗ್ ಫೋಮ್, ಆಲೂಗಡ್ಡೆ ಹೋಳು, ವಿನೆಗರ್ ಎಂದೆಲ್ಲ ಮೊಬೈಲಿನಲ್ಲಿ ಬರುತ್ತಿರುತ್ತದೆ. ಟೂತ್‌ಪೇಸ್ಟ್‌ನಲ್ಲಿ ಹಲ್ಲು ತಿಕ್ಕುವ ಪುಡಿ ಇದೆ, ಅದು ಕೋಟಿಂಗನ್ನು ಕೆರೆದುಬಿಡುತ್ತದೆ. ಉಳಿದವನ್ನೂ ಕೋಟಿಂಗ್ ಇರುವ ಗಾಜಿನ ಹತ್ತಿರ ತರಬೇಡಿ. ಬಿಸಿ ನೀರು ತಗುಲಿದರೆ ಕೋಟಿಂಗ್ ಬಿರುಕು ಬಿಡುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೂ ಅದೇ ಗತಿ. ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಗಾಜು ಜಿಡ್ಡಾಗುತ್ತದೆ, ಪ್ಲಾಸ್ಟಿಕ್ ಫ್ರೇಮು ಬೆಳ್ಳಗಾಗಬಹುದು.

ಆಂಟಿಫಾಗ್ ಸ್ಪ್ರೇಗಳು ಕೆಲಸ ಮಾಡುತ್ತವೆ. ಆದರೆ 2022ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಅಲ್ಲಿನ ಮಾರುಕಟ್ಟೆಯ 9 ಆಂಟಿಫಾಗ್ ಸ್ಪ್ರೇ ಮತ್ತು ಗಾಜು ಒರೆಸುವ ಬಟ್ಟೆಗಳನ್ನು ಪರೀಕ್ಷಿಸಿದಾಗ, ಎಲ್ಲದರಲ್ಲೂ ಪಿಎಫ್‌ಎಎಸ್ ಗುಂಪಿನ ರಾಸಾಯನಿಕ ಸಿಕ್ಕಿತು. ಪರಿಸರದಲ್ಲಿ ಸುಲಭಕ್ಕೆ ನಾಶವಾಗದ ರಾಸಾಯನಿಕಗಳು ಅವು. ಮುಖದ ಹತ್ತಿರ, ದಿನಾ, ಮಕ್ಕಳಿಗೆ ಬಳಸಲು ನನಗಂತೂ ಮನಸ್ಸು ಬರುವುದಿಲ್ಲ. ಸೋಪಿನ ನೀರಿನಲ್ಲೇ ಆಗುವುದಾದರೆ ಅದೇ ಇರಲಿ.

ಫ್ರೇಮ್ ಕೂರುವ ಜಾಗ

ಗಾಜಿಗೂ ಕಣ್ಣಿಗೂ ನಡುವೆ ಸಾಮಾನ್ಯವಾಗಿ 12ರಿಂದ 14 ಮಿಲಿಮೀಟರ್ ಅಂತರ ಇರುತ್ತದೆ. ಕೆನ್ನೆಗೆ ತಾಗುವಂತೆ ಕೂತ ದೊಡ್ಡ ಪ್ಲಾಸ್ಟಿಕ್ ಫ್ರೇಮಿನ ಹಿಂದೆ ಗಾಳಿ ಆಡುವುದಿಲ್ಲ, ಬಂದ ತೇವ ಅಲ್ಲೇ ನಿಲ್ಲುತ್ತದೆ. ಲೋಹದ ಫ್ರೇಮಿನಲ್ಲಿ ಮೂಗಿನ ಪ್ಯಾಡುಗಳನ್ನು ಹೊಂದಿಸಿ ಸ್ವಲ್ಪ ಮುಂದಕ್ಕೆ ತರಬಹುದು. ಇದನ್ನು ಮನೆಯಲ್ಲಿ ಇಕ್ಕಳ ಹಿಡಿದು ಮಾಡಬೇಡಿ, ಪ್ಯಾಡಿನ ಕಾಲು ಪಟ್ ಎಂದು ಮುರಿಯುತ್ತದೆ. ಕನ್ನಡಕ ಕೊಂಡ ಅಂಗಡಿಗೆ ಮಾಸ್ಕ್ ಸಮೇತ ಹೋಗಿ. ಎರಡು ನಿಮಿಷದ ಕೆಲಸ, ಹೆಚ್ಚಿನ ಅಂಗಡಿಯವರು ದುಡ್ಡು ಕೇಳುವುದಿಲ್ಲ.

ಬೈಕು, ಬಸ್ಸು, ಆಲೆಮನೆ

ಬೈಕಿನಲ್ಲಿ ಹೆಲ್ಮೆಟ್, ಮಾಸ್ಕ್, ಕನ್ನಡಕ ಮೂರೂ ಸೇರಿದರೆ ಅಪಾಯ. ಬೆಳಗಿನ ಚಳಿಯಲ್ಲಿ ರಿಂಗ್ ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತ ಕೂಡಲೇ ಎರಡೂ ಗಾಜು ಮಬ್ಬಾಗುತ್ತವೆ. ಹೆಲ್ಮೆಟ್ಟಿನ ಮುಂದಿನ ಗಾಜನ್ನು ಒಂದು ಬೆರಳಷ್ಟು ತೆರೆದಿಡಿ. ಅದರ ಒಳಬದಿಗೂ ಸೋಪಿನ ನೀರಿನ ಪೊರೆ ಕೊಡಿ. ಅಷ್ಟಾದರೂ ದಾರಿ ಕಾಣದಿದ್ದರೆ ಎಡಕ್ಕೆ ಸರಿದು ನಿಲ್ಲಿಸಿ, ಒರೆಸಿಕೊಂಡು ಹೋಗಿ. ಓಡಿಸುತ್ತಾ ಬೆರಳು ಹಾಕಿ ಒರೆಸುವುದು ಬೇಡ.

ಎಸಿ ಬಸ್ಸು, ಎಸಿ ವಾರ್ಡಿನಲ್ಲಿ ಗಾಳಿ ನೇರ ಮುಖಕ್ಕೆ ಬೀಳದಂತೆ ಕೂತರೆ ಗಾಜು ಅಷ್ಟು ತಣ್ಣಗಾಗುವುದಿಲ್ಲ.

ಆಲೆಮನೆಯ ಮಾತೇ ಬೇರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹಬೆ ಹೊರಗಿನಿಂದ ಬಂದು ಗಾಜಿಗೆ ಹೊಡೆಯುತ್ತದೆ. ಅಲ್ಲಿ ಮಾಸ್ಕ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಕಮ್ಮಿ. ಗಾಜಿಗೆ ಪೊರೆ ಕೊಡುವುದೊಂದೇ ದಾರಿ. ಹಬೆ ಎದ್ದಾಗ ಒಂದು ಹೆಜ್ಜೆ ಹಿಂದೆ ನಿಂತು ಗಾಜು ತಿಳಿಯಾದ ಮೇಲೆ ಮುಂದೆ ಬನ್ನಿ. ಕುದಿಯುವ ಪಾಕದ ಪಕ್ಕ ಕಣ್ಣು ಕಾಣದೆ ನಿಲ್ಲುವುದು ಯಾರಿಗೂ ಬೇಡ. ಮನೆಯ ಅಡುಗೆ ಒಲೆಯ ಮುಂದೆಯೂ ಇದೇ.

ಮಾಸ್ಕ್ ತೆಗೆದರೂ ಮಬ್ಬು ಹೋಗದಿದ್ದರೆ

ಮನೆಯ ಹಿರಿಯರು ಕನ್ನಡಕ ಮಂಜಾಗುತ್ತದೆ ಎಂದರೆ ಮಾಸ್ಕ್ ತೆಗೆಸಿ, ಗಾಜು ತೊಳೆದು ಒರೆಸಿ ಕೊಟ್ಟು ಮತ್ತೆ ಕೇಳಿ. ಆಗಲೂ ಮಬ್ಬು ಎಂದರೆ, ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದೆ, ಬಿಸಿಲಲ್ಲಿ ಕಣ್ಣು ಕೋರೈಸುತ್ತದೆ ಎಂದರೆ, ಅದು ಕಣ್ಣಿನ ಪೊರೆಯೂ (ಕ್ಯಾಟರಾಕ್ಟ್) ಇರಬಹುದು, ಕಣ್ಣಿನ ಬೇರೆ ತೊಂದರೆಯೂ ಇರಬಹುದು. ಹೊಸ ಗಾಜು ಹಾಕಿಸಿ ಕಾಲ ಕಳೆಯಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದವರಿಗೆ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆ) ಆಸ್ಪತ್ರೆಯಲ್ಲಿ ಸರ್ಕಾರಿ ಕಣ್ಣಿನ ವಿಭಾಗ ಇದೆ. ಹೋಗುವಾಗ ಈಗ ಹಾಕುತ್ತಿರುವ ಕನ್ನಡಕವನ್ನೂ, ಹಳೇ ನಂಬರಿನ ಚೀಟಿಯನ್ನೂ ಜೊತೆಗೆ ಇಟ್ಟುಕೊಳ್ಳಿ.